ಮುಖ ಸೊಟ್ಟಗಾದರೆ ಗಾಳಿ ಎಂದು ಸುಮ್ಮನಿರಬೇಡಿ



ಈ ಸಲದ ಪಾಠ ಸ್ವಲ್ಪ ಕಷ್ಟದ್ದು. ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚನೆ ಮಾಡಿದೆ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಒಂದು ಸಂಗತಿ ಕೇಳಿ. ಇದನ್ನು ಬರೆಯಲು ಆ ತಂಗಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೇನೆ. ಹಾಗಾಗಿ "ಇದು ಇಂಥವಳೇ ಇರಬೇಕು" ಅಂತ ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಹಿರಿಯೂರು ಕಡೆಯ ಒಂದು ಹಳ್ಳಿ. 2006ನೇ ಇಸವಿ, ಈರುಳ್ಳಿ ಕೀಳುವ ಕಾಲ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಲು ಹೋದಳು, ನೀರು ಬಾಯಲ್ಲಿ ನಿಲ್ಲಲಿಲ್ಲ. ಎಡಗಡೆಯಿಂದ ಸೋರಿ ಸೆರಗೆಲ್ಲ ಒದ್ದೆಯಾಯಿತು. ಕನ್ನಡಿ ನೋಡಿದರೆ ಬಾಯಿ ಬಲಗಡೆಗೆ ಎಳೆದುಕೊಂಡಿದೆ, ಎಡಗಣ್ಣು ಮುಚ್ಚುತ್ತಿಲ್ಲ. ಹಿಂದಿನ ರಾತ್ರಿ ಬೆಂಗಳೂರಿನಿಂದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದಿದ್ದಳು. ಅತ್ತೆ ನೋಡಿದ ಕೂಡಲೇ "ಗಾಳಿ ಬಡಿದಿದೆ" ಅಂದರು. ನೆರೆಯವರು "ಲಕ್ವ" ಅಂದರು. ಮೂರನೇ ದಿನಕ್ಕೆ ಯಾರೋ ಹೇಳಿದ ಹಾಗೆ ಕಿವಿ ಹಿಂದೆ ಬರೆ ಹಾಕಿಸಿದರು. ಪಾರಿವಾಳದ ರಕ್ತ ಹಚ್ಚಿದರು. ಮುಚ್ಚದ ಕಣ್ಣಿಗೆ ಮಾತ್ರ ಯಾರೂ ಏನೂ ಮಾಡಲಿಲ್ಲ. ಹೊಲದ ಧೂಳು ಬಿದ್ದು ಬಿದ್ದು ಕಣ್ಣು ಕೆಂಪಾಯಿತು, ಹುಣ್ಣಾಯಿತು.

ಆ ವಾರ ಅವರ ಸಂಘದ ಸಭೆಗೆ ನಾನೂ ಹೋಗಿದ್ದೆ. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ನಾನು ನೋಡಿ "ಬಿಸಿ ಕಾವು ಕೊಡಮ್ಮ, ಸರಿಹೋಗುತ್ತೆ" ಅಂದು ಉಳಿತಾಯದ ಲೆಕ್ಕಕ್ಕೆ ಹೋದೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದವಳು, ಆರೋಗ್ಯದ ತರಬೇತಿ ಕೊಡುವವಳು. ಒಂದು ಪ್ರಶ್ನೆ ಕೇಳಲಿಲ್ಲ, ಆಸ್ಪತ್ರೆಗೆ ಹೋಗು ಅನ್ನಲಿಲ್ಲ.

ಎರಡು ತಿಂಗಳಲ್ಲಿ ಮುಖ ಸರಿಹೋಯಿತು. ಬರೆ ಹಾಕಿದವನಿಗೆ ಒಳ್ಳೆ ಹೆಸರು ಬಂತು. ಎಲ್ಲರೂ ಮರೆತರು. 2008ರಲ್ಲಿ ತವರಿನಲ್ಲಿ, ಮನೆಯಲ್ಲೇ ಎರಡನೇ ಹೆರಿಗೆ ಆಯಿತು, ಗಂಡು ಮಗು. 2010ರಲ್ಲಿ ಕೆಮ್ಮು ಹಿಡಿದು, ತೂಕ ಇಳಿದು, ಕ್ಷಯ ಅಂತ ಗೊತ್ತಾಗಿ, ಅಲ್ಲಿಂದ ಎಚ್.ಐ.ವಿ. ಪರೀಕ್ಷೆ ಆಯಿತು. ಇತ್ತು. ಗಂಡನಿಗೂ ಇತ್ತು. ಎರಡು ವರ್ಷದ ಮಗುವಿಗೂ ಇತ್ತು.

ಆಪ್ತಸಮಾಲೋಚಕಿ ಹಿಂದಿನದ್ದೆಲ್ಲ ಕೆದಕಿ ಕೇಳುವಾಗ ಅವಳಿಗೆ ನೆನಪಾಯಿತು. ಮುಖ ವಾರೆಯಾಗುವ ಹದಿನೈದು ದಿನ ಮುಂಚೆ ಜ್ವರ ಬಂದಿತ್ತು, ಗಂಟಲು ನೋವು, ಮೈಮೇಲೆ ಗಂಧೆ ಎದ್ದ ಹಾಗೆ ಕೆಂಪು ಗುಳ್ಳೆ. ಆಮೇಲೆ ಮುಖ. ವೈದ್ಯರು ಹೇಳಿದ್ದು ಇಷ್ಟು: "ಖಚಿತವಾಗಿ ಹೇಳಲು ಈಗ ಆಗುವುದಿಲ್ಲ. ಆದರೆ ವೈರಸ್ ಮೈಗೆ ಸೇರಿದ್ದು ಆಗಲೇ ಇರಬಹುದು. ಆ ಮುಖವೇ ಮೊದಲ ಗುರುತು ಇರಬಹುದು."

ನಾಲ್ಕು ವರ್ಷ. ಆ ನಾಲ್ಕು ವರ್ಷದ ನಡುವೆ ಒಂದು ಮಗು ಹುಟ್ಟಿತು.

ಗಾಳಿಯಲ್ಲ, ನರ

ಮುಖದ ಪ್ರತಿ ಪಕ್ಕಕ್ಕೂ ಒಂದೊಂದು ನರ ಇದೆ. ಮಿದುಳಿನಿಂದ ಹೊರಟು ಕಿವಿಯ ಹಿಂದಿನ ಮೂಳೆಯೊಳಗೆ ಕಿರಿದಾದ ಒಂದು ಸುರಂಗದಲ್ಲಿ ಹಾದು ಬಂದು, ಕೆನ್ನೆಯಲ್ಲಿ ಮರದ ಕೊಂಬೆಯ ಹಾಗೆ ಕವಲೊಡೆಯುತ್ತದೆ. ಹುಬ್ಬು ಏರಿಸುವುದು, ಕಣ್ಣು ಮುಚ್ಚುವುದು, ನಗುವುದು, ಊದುವುದು ಎಲ್ಲ ಈ ನರದ ಕೆಲಸ. ನಾಲಿಗೆಯ ಮುಂಭಾಗದ ರುಚಿಯೂ ಇದರದ್ದೇ. ಈ ನರಕ್ಕೆ ಉರಿಯೂತ ಆಗಿ ಊದಿಕೊಂಡರೆ ಮೂಳೆಯ ಸುರಂಗದಲ್ಲಿ ಜಾಗ ಇಲ್ಲ. ಕೈಗೆ ಬಿಗಿಯಾದ ಬಳೆ ಸಿಕ್ಕಿಹಾಕಿಕೊಂಡ ಹಾಗೆ ನರ ಒತ್ತಿಹೋಗುತ್ತದೆ. ಆ ಪಕ್ಕದ ಮುಖ ಸೋಲುತ್ತದೆ. ಸೋತ ಕಡೆ ಜೋತು ಬೀಳುತ್ತದೆ, ಸರಿ ಇರುವ ಕಡೆ ಬಾಯನ್ನು ತನ್ನತ್ತ ಎಳೆಯುತ್ತದೆ. ಅದಕ್ಕೇ ನೋಡಿದವರು ಬಾಯಿ ಎಳೆದ ಕಡೆಯೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರುವುದು ಇನ್ನೊಂದು ಕಡೆ.

ಚಾರ್ಲ್ಸ್ ಬೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಸುಮಾರು 200 ವರ್ಷದ ಹಿಂದೆ ಈ ನರದ ಕೆಲಸವನ್ನು ವಿವರಿಸಿದರು. ಕಾರಣ ಸ್ಪಷ್ಟವಾಗಿ ಸಿಗದ ಮುಖದ ಸೋಲಿಗೆ ಇಂದಿಗೂ 'ಬೆಲ್ಸ್ ಪಾಲ್ಸಿ' ಅಂತಲೇ ಹೆಸರು. ಆಸ್ಪತ್ರೆ ಚೀಟಿಯಲ್ಲಿ ಹಾಗೆ ಬರೆದಿದ್ದರೆ ಗಾಬರಿಯಾಗಬೇಡಿ.

ಇನ್ನು ಗಾಳಿಯ ಮಾತು. ನಮ್ಮ ಚಿತ್ರದುರ್ಗಕ್ಕೆ ಮಳೆಯ ಬರ ಉಂಟು, ಗಾಳಿಗೆ ಬರ ಇಲ್ಲ. ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ತಿರುಗುತ್ತಿವೆ. ಗಾಳಿ ಬಡಿದೇ ಮುಖ ಸೊಟ್ಟಗಾಗುವುದಾದರೆ ಜಿಲ್ಲೆಯಲ್ಲಿ ನೆಟ್ಟಗಿರುವ ಮುಖ ಒಂದೂ ಉಳಿಯುತ್ತಿರಲಿಲ್ಲ.

ಸಭೆಯಲ್ಲಿ ಈಗಲೇ ಮಾಡಿ ನೋಡಿ

ಪುಸ್ತಕ ಕೆಳಗಿಟ್ಟು ಇಬ್ಬಿಬ್ಬರು ಎದುರುಬದುರು ಕೂತುಕೊಳ್ಳಿ. ನಗು ಬಂದರೆ ನಗಿ, ತೊಂದರೆ ಇಲ್ಲ. ಮೊದಲು ಹುಬ್ಬು ಮೇಲೆತ್ತಿ ಹಣೆಯಲ್ಲಿ ಗೆರೆ ಮೂಡಿಸಿ. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿ. ಕೆನ್ನೆ ಊದಿಸಿ ಗಾಳಿ ಹಿಡಿದುಕೊಳ್ಳಿ. ಹಲ್ಲು ತೋರಿಸಿ ನಗಿ. ಎದುರಿನವರು ಎರಡೂ ಕಡೆ ಒಂದೇ ಸಮ ಇದೆಯೇ ನೋಡಲಿ.

ಇದರಲ್ಲಿ ಹಣೆಯ ಗೆರೆ ಬಹಳ ಮುಖ್ಯ. ಮುಖದ ನರವೇ ಕೆಟ್ಟಿದ್ದರೆ ಸೋತ ಕಡೆಯ ಹಣೆಯಲ್ಲೂ ಗೆರೆ ಮೂಡುವುದಿಲ್ಲ, ಕಣ್ಣೂ ಮುಚ್ಚುವುದಿಲ್ಲ. ಆದರೆ ಮಿದುಳಿಗೇ ಪೆಟ್ಟು ಬಿದ್ದು ಬಂದ ಪಾರ್ಶ್ವವಾಯು ಆಗಿದ್ದರೆ, ಬಾಯಿ ಮಾತ್ರ ವಾರೆಯಾಗಿ ಹಣೆ ಸಾಮಾನ್ಯವಾಗಿ ಸರಿ ಇರುತ್ತದೆ. ಜೊತೆಗೆ ಕೈ ಅಥವಾ ಕಾಲು ಸೋತಿರಬಹುದು, ಮಾತು ತೊದಲಬಹುದು. ಇಂಥದ್ದು ಕಂಡರೆ ಒಂದು ನಿಮಿಷವೂ ತಡ ಮಾಡಬೇಡಿ, 108ಕ್ಕೆ ಫೋನ್ ಮಾಡಿ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಔಷಧಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು.

ಆದರೆ ಹಣೆ ನೋಡಿ ನಾವೇ ಡಾಕ್ಟರಾಗುವುದು ಬೇಡ. ಮುಖ ಹೇಗೇ ವಾರೆಯಾಗಿದ್ದರೂ ಅವತ್ತೇ ಆಸ್ಪತ್ರೆ.

ಮೂರು ದಿನದ ಲೆಕ್ಕ

ಮುಖದ ನರ ಸೋತವರಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಸರಿಹೋಗುತ್ತದೆ. ಕೆಲವರಿಗೆ ಮೂರು ವಾರ, ಕೆಲವರಿಗೆ ಮೂರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಬರೆ ಹಾಕಿದವನಿಗೂ, ರಕ್ತ ಹಚ್ಚಿದವನಿಗೂ ಹೆಸರು ಬರುವುದು ಹೀಗೇ. ಸರಿಯಾದ ಮಾತ್ರೆ ಕೊಟ್ಟರೆ ಇನ್ನೂ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ದೊಡ್ಡ ಅಧ್ಯಯನವೊಂದರಲ್ಲಿ ಪ್ರೆಡ್ನಿಸೊಲೋನ್ ಮಾತ್ರೆ ತೆಗೆದುಕೊಂಡವರಲ್ಲಿ ಒಂಬತ್ತು ತಿಂಗಳ ಹೊತ್ತಿಗೆ 100ಕ್ಕೆ 94 ಮಂದಿ ಗುಣವಾಗಿದ್ದರು. ಅದನ್ನು ತೆಗೆದುಕೊಳ್ಳದವರಲ್ಲಿ 100ಕ್ಕೆ 82 ಮಂದಿ. ಆದರೆ ಆ ಮಾತ್ರೆ ಮೂರು ದಿನದ ಒಳಗೆ ಶುರುವಾಗಬೇಕು. ನಮ್ಮ ಕಡೆ ಆ ಮೂರು ದಿನ ಬರೆ ಹಾಕುವವನನ್ನು ಹುಡುಕುವುದರಲ್ಲೇ ಕಳೆದುಹೋಗುತ್ತದೆ. ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆಯೂ ಇದಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಸಕ್ಕರೆ ಏರಿಸುತ್ತದೆ, ಆದ್ದರಿಂದ ವೈದ್ಯರೇ ನೋಡಿ ಕೊಡಬೇಕು.

ಕಣ್ಣಿನ ವಿಷಯ ಬೇರೆಯಾಗಿ ಹೇಳಲೇಬೇಕು. ಮುಖ ಗುಣವಾಗುತ್ತದೆ, ಹುಣ್ಣಾದ ಕಣ್ಣಿನ ಬಿಳಿ ಕಲೆ ಉಳಿಯುತ್ತದೆ. ಮುಚ್ಚದ ಕಣ್ಣಿಗೆ ಹಗಲು ಹನಿ ಔಷಧಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಯನ್ನು ಕೈಯಿಂದ ಮುಚ್ಚಿ ಮೇಲೆ ಟೇಪು ಹಾಕಬೇಕು. ಆಸ್ಪತ್ರೆಯಲ್ಲಿ ತೋರಿಸಿಕೊಡುತ್ತಾರೆ. ಹೊರಗೆ ಹೋಗುವಾಗ ಕನ್ನಡಕ. ಮೆಕ್ಕೆಜೋಳ ಒಕ್ಕುವ ಜಾಗಕ್ಕೆ, ಶೇಂಗಾ ಬಡಿಯುವ ಜಾಗಕ್ಕೆ ಆ ದಿನಗಳಲ್ಲಿ ಹೋಗಲೇಬೇಡಿ. ಕೂಲಿ ಹೋಗುತ್ತೆ ಅನ್ನುತ್ತೀರಿ, ಗೊತ್ತು. ಕಣ್ಣು ಹೋದರೆ ಕೂಲಿಯೂ ಹೋಗುತ್ತದೆ.

ಎಚ್.ಐ.ವಿ. ಎಲ್ಲಿಂದ ಬಂತು?

ಮುಖದ ನರ ಸೋಲಲು ಹಲವು ಕಾರಣ ಇವೆ. ಬಹಳ ಸಲ ಕಾರಣವೇ ತಿಳಿಯುವುದಿಲ್ಲ. ಬಾಯಿಯ ಸುತ್ತ ನೀರುಗುಳ್ಳೆ ಬರಿಸುವ ಹರ್ಪಿಸ್ ಎಂಬ ಸಾಮಾನ್ಯ ವೈರಸ್ ನರದಲ್ಲಿ ಅಡಗಿದ್ದು ಮತ್ತೆ ಎದ್ದಿರಬಹುದು ಎಂದು ವೈದ್ಯರು ಅನುಮಾನಿಸುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ, ದಿನ ತುಂಬುತ್ತಾ ಬಂದ ಬಸುರಿಯರಿಗೆ ಇದು ಬರುವ ಸಾಧ್ಯತೆ ಹೆಚ್ಚು. ಕಿವಿ ಸೋರಿ ಸೋರಿ ಒಳಗೆ ಕೀವಾದರೆ, ಕಿವಿಯಲ್ಲಿ ಸರ್ಪಸುತ್ತು ಎದ್ದರೆ, ತಲೆಗೆ ಪೆಟ್ಟು ಬಿದ್ದರೆ, ಕುಷ್ಠದಿಂದಲೂ ಬರುತ್ತದೆ.

ಈ ಸಾಲಿನಲ್ಲಿ ಎಚ್.ಐ.ವಿ.ಯೂ ಒಂದು. 1980ರ ದಶಕದ ಕೊನೆಯಲ್ಲಿ, ಈ ಕಾಯಿಲೆ ಜಗತ್ತಿಗೇ ಹೊಸದಾಗಿದ್ದಾಗ, ಮಧ್ಯ ಆಫ್ರಿಕಾದ ಬಂಗೀ ಎಂಬ ಊರಿನಲ್ಲಿ ಕೆಲಸ ಮಾಡುತ್ತಿದ್ದ ವೈದ್ಯರು ಒಂದು ವಿಷಯ ಗಮನಿಸಿದರು. ಮುಖ ಸೋತು ಬಂದವರಲ್ಲಿ ಬಹಳ ಜನರ ರಕ್ತದಲ್ಲಿ ಎಚ್.ಐ.ವಿ. ಇತ್ತು, ಅವರಲ್ಲಿ ಅನೇಕರಿಗೆ ಬೇರೆ ಯಾವ ಲಕ್ಷಣವೂ ಇರಲಿಲ್ಲ. ಆಮೇಲೆ ಬೇರೆ ದೇಶಗಳ ವೈದ್ಯರೂ ಇದನ್ನು ಕಂಡರು. ಅಲ್ಲಿ ಆ ಸೋಂಕು ಆಗ ಬಹಳ ಹರಡಿತ್ತು ಅನ್ನುವುದನ್ನೂ ನೆನಪಿಡಿ. ನಮ್ಮ ಕಡೆ ಮುಖ ಸೋತು ಬರುವವರಲ್ಲಿ ಹೆಚ್ಚಿನವರಿಗೆ ಎಚ್.ಐ.ವಿ. ಇರುವುದಿಲ್ಲ. ಎಚ್.ಐ.ವಿ. ಇರುವವರಲ್ಲೂ ಹೆಚ್ಚಿನವರಿಗೆ ಮುಖ ಸೋಲುವುದಿಲ್ಲ.

ವೈರಸ್ ಮೈಗೆ ಸೇರಿದ ಎರಡರಿಂದ ನಾಲ್ಕು ವಾರಕ್ಕೆ ಕೆಲವರಿಗೆ ಜ್ವರ, ಗಂಟಲು ನೋವು, ಮೈಕೈ ನೋವು, ಕೆಂಪು ಗುಳ್ಳೆ, ಕುತ್ತಿಗೆಯಲ್ಲಿ ಗಂಟು ಬರುತ್ತವೆ. ಫ್ಲೂ ಜ್ವರದ ಹಾಗೆ ಬಂದು ತಾನೇ ಹೋಗುತ್ತದೆ. ಕೆಲವರಿಗೆ ಏನೂ ಆಗುವುದಿಲ್ಲ. ಹೊಸ ವೈರಸ್ಸಿನ ಜೊತೆ ದೇಹ ಹೋರಾಡುವ ಈ ದಿನಗಳಲ್ಲಿ ಅಪರೂಪಕ್ಕೆ ಮುಖದ ನರಕ್ಕೂ ಉರಿಯೂತ ಆಗುತ್ತದೆ. ವರ್ಷಗಳ ನಂತರ, ರೋಗನಿರೋಧಕ ಶಕ್ತಿ ಕುಗ್ಗಿದ ಮೇಲೆ ಬೇರೆ ಸೋಂಕುಗಳಿಂದಲೂ ಮುಖ ಸೋಲಬಹುದು. ಮುಖದ ಎರಡೂ ಕಡೆ ಒಟ್ಟಿಗೆ ಅಥವಾ ಒಂದರ ಹಿಂದೆ ಒಂದು ಸೋತರೆ, ಜ್ವರ ಮತ್ತು ಗುಳ್ಳೆಯ ಬೆನ್ನಿಗೇ ಸೋತರೆ, ಗುಣವಾಗಿ ಮತ್ತೆ ಬಂದರೆ ವೈದ್ಯರು ಇನ್ನಷ್ಟು ಗಮನ ಕೊಟ್ಟು ಬೇರೆ ಕಾರಣಗಳ ಜೊತೆ ಇದನ್ನೂ ನೋಡುತ್ತಾರೆ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವ ವಿಷಯ ಒಂದಿದೆ. ಎಚ್.ಐ.ವಿ.ಯ ಶುರುವಿನಲ್ಲಿ ಸೋತ ಮುಖವೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಗುರುತು ಅಳಿಸಿಹೋಗುತ್ತದೆ, ವೈರಸ್ ಒಳಗೇ ಉಳಿಯುತ್ತದೆ. ಬಾಗಿಲು ಬಡಿದು ಹೋದವನ ಹಾಗೆ. ತೆಗೆದು ನೋಡುವಷ್ಟರಲ್ಲಿ ಯಾರೂ ಇಲ್ಲ. ಮುಂದಿನ ಐದಾರು ವರ್ಷ, ಕೆಲವೊಮ್ಮೆ ಹತ್ತು ವರ್ಷ, ಮನುಷ್ಯ ಗಟ್ಟಿಮುಟ್ಟಾಗಿ ಕಾಣುತ್ತಾನೆ. ಅಷ್ಟು ಕಾಲವೂ ಒಬ್ಬರಿಂದ ಒಬ್ಬರಿಗೆ ಸೋಂಕು ದಾಟಬಹುದು. ಹಿರಿಯೂರಿನ ಆ ತಂಗಿಗೆ ಆದದ್ದು ಇದೇ. ಮುಖ ಸರಿಹೋಗದೇ ಉಳಿದಿದ್ದರೆ ಅವಳು ಆಸ್ಪತ್ರೆಗೆ ಹೋಗುತ್ತಿದ್ದಳೋ ಏನೋ. ಸರಿಹೋಯಿತಲ್ಲ, ಅದೇ ತೊಂದರೆ.

ಪರೀಕ್ಷೆ

ಮುಖ ಸೋತು ಆಸ್ಪತ್ರೆಗೆ ಹೋದಾಗ ಸಕ್ಕರೆ, ಬಿ.ಪಿ. ನೋಡುವ ಜೊತೆಗೆ ಎಚ್.ಐ.ವಿ. ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ವೈದ್ಯರೇ ಹೇಳಲಿ ಅಂತ ಕಾಯಬೇಡಿ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಐ.ಸಿ.ಟಿ.ಸಿ. ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ ಇದೆ. ಹಣ ಕೊಡಬೇಕಾಗಿಲ್ಲ. ಮೊದಲು ಕೂರಿಸಿ ಮಾತಾಡುತ್ತಾರೆ, ನಿಮ್ಮ ಒಪ್ಪಿಗೆ ಕೇಳುತ್ತಾರೆ, ಆಮೇಲೆ ರಕ್ತ ತೆಗೆಯುತ್ತಾರೆ. ಮೊದಲ ಪರೀಕ್ಷೆಯಲ್ಲಿ ಕಂಡರೆ ಅಷ್ಟಕ್ಕೇ "ಇದೆ" ಅನ್ನುವುದಿಲ್ಲ. ಬೇರೆ ಬೇರೆ ಬಗೆಯ ಮೂರು ಪರೀಕ್ಷೆಯಲ್ಲೂ ಕಂಡರೆ ಮಾತ್ರ ಹೇಳುತ್ತಾರೆ.

"ಇಲ್ಲ" ಅಂತ ಬಂದಾಗಲೂ ಒಂದು ಮಾತು ಕೇಳಿಸಿಕೊಂಡೇ ಎದ್ದು ಬನ್ನಿ. ಈ ಪರೀಕ್ಷೆ ನೋಡುವುದು ಹೆಚ್ಚಾಗಿ ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ನಮ್ಮ ದೇಹ ಕಟ್ಟಿದ ಪಡೆಯನ್ನು. ಆ ಪಡೆ ಕಟ್ಟಲು ದೇಹಕ್ಕೆ ಕೆಲವು ವಾರ ಬೇಕು. ಸೋಂಕು ತಗುಲಿದ ಹೊಸದರಲ್ಲೇ ಮುಖ ಸೋತಿದ್ದರೆ, ಅವತ್ತಿನ ಪರೀಕ್ಷೆ "ಇಲ್ಲ" ಅಂದುಬಿಡಬಹುದು. ಅದಕ್ಕೇ ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ಮಾಡಿಸಬೇಕು. ಈ ಎರಡನೇ ಸಲ ಹೋಗುವವರು ಕಡಿಮೆ. ಮುಖ ಸರಿಹೋಗಿರುತ್ತದೆ, ಮತ್ತೆ ಯಾಕೆ ಬಸ್ ಚಾರ್ಜು ಅನ್ನಿಸುತ್ತದೆ. ಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಬರೀ ಒಂದು ಚುಕ್ಕಿ ಇಡಿ. ನಿಮಗೆ ಗೊತ್ತಿದ್ದರೆ ಸಾಕು.

ನಮ್ಮ ಹೆಂಗಸರು ನನ್ನನ್ನು ಕೇಳುವ ಪ್ರಶ್ನೆ: "ಸಿಸ್ಟರ್, ನಾನು ಗಂಡನನ್ನು ಬಿಟ್ಟು ಬೇರೆ ಯಾರ ಮುಖ ನೋಡಿದವಳಲ್ಲ, ನನಗ್ಯಾಕೆ ಆ ಪರೀಕ್ಷೆ?" ನಾನು ಕಂಡ ಸೋಂಕಿತ ಹೆಂಗಸರಲ್ಲಿ ಹೆಚ್ಚಿನವರು ಇದೇ ಮಾತು ಹೇಳಿದವರು. ಅವರು ಹೇಳಿದ್ದು ನಿಜ. ಸೋಂಕು ಬಂದದ್ದೂ ನಿಜ. ಪರೀಕ್ಷೆ ಮಾಡಿಸಿಕೊಳ್ಳುವುದು ಅಂದರೆ ನಡತೆಗೆ ಸರ್ಟಿಫಿಕೇಟು ಕೇಳುವುದಲ್ಲ, ಸಕ್ಕರೆ ನೋಡಿಸಿದ ಹಾಗೆ ರಕ್ತ ನೋಡಿಸುವುದು. ಹೆದ್ದಾರಿ ಪಕ್ಕದ ಊರುಗಳಲ್ಲಿ ಎಲ್ಲವನ್ನೂ ಲಾರಿ ಡ್ರೈವರುಗಳ ತಲೆಗೆ ಕಟ್ಟುವ ಅಭ್ಯಾಸವೂ ಇದೆ. ಹೊಲ ಬಿಟ್ಟು ಹೊರಗೆ ಹೋಗದ ಮನೆಗಳಲ್ಲೂ ನಾನು ಇದನ್ನು ಕಂಡಿದ್ದೇನೆ. ಅವರಿವರ ಹೆಸರು ಹೇಳುತ್ತಾ ಕೂತರೆ ನಮ್ಮ ಮನೆಯ ಬಾಗಿಲು ನೋಡುವುದು ಮರೆತುಹೋಗುತ್ತದೆ.

"ಇದೆ" ಅಂತ ಬಂದರೆ

2006ಕ್ಕೂ ಇವತ್ತಿಗೂ ಬಹಳ ವ್ಯತ್ಯಾಸ ಇದೆ. ನಮ್ಮ ದೇಶದಲ್ಲಿ ಸರ್ಕಾರ ಎ.ಆರ್.ಟಿ. ಔಷಧಿಯನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ, ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ. ಆಗ ಶಕ್ತಿ ಬಹಳ ಕುಗ್ಗಿದ ಮೇಲೆ ಮಾತ್ರ ಔಷಧಿ. 2017ರಿಂದ ಹಾಗಿಲ್ಲ. ಪರೀಕ್ಷೆಯಲ್ಲಿ ಕಂಡ ಎಲ್ಲರಿಗೂ, ಎಷ್ಟೇ ಗಟ್ಟಿಯಾಗಿದ್ದರೂ, ಕೂಡಲೇ ಔಷಧಿ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಜಿಲ್ಲಾ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರದಲ್ಲಿ ಕೊಡುತ್ತಾರೆ. ಜೀವನಪೂರ್ತಿ, ಒಂದು ದಿನವೂ ತಪ್ಪಿಸದೆ ನುಂಗಬೇಕು. ಹಾಗೆ ನುಂಗಿ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೇ ಉಳಿದರೆ, ಗಂಡ ಹೆಂಡಿರ ಸಂಬಂಧದಿಂದ ಇನ್ನೊಬ್ಬರಿಗೆ ಸೋಂಕು ದಾಟುವುದಿಲ್ಲ. ವೈರಸ್ ಅಷ್ಟು ಇಳಿದಿದೆ ಅಂತ ವೈದ್ಯರು ಹೇಳುವವರೆಗೆ ಕಾಂಡೋಮ್ ಬಳಸಬೇಕು.

ಬಸುರಿಯರ ಲೆಕ್ಕವನ್ನು ಬೇರೆಯಾಗಿ ನೋಡಿ. ಸೋಂಕಿರುವ ತಾಯಿಗೆ ಏನೂ ಚಿಕಿತ್ಸೆ ಇಲ್ಲದಿದ್ದರೆ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ದಾಟಬಹುದು. ಬಸಿರಿನಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ. ತಾಯಿ ಸರಿಯಾಗಿ ಔಷಧಿ ತೆಗೆದುಕೊಂಡು ಮಗುವಿಗೂ ಕೊಟ್ಟರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಮೇಲೆ ಹೇಳಿದ ತಂಗಿಯ ಮಗನ ವಿಷಯ ನೆನೆದಾಗೆಲ್ಲ ಈ ಲೆಕ್ಕ ನನ್ನ ತಲೆಯಲ್ಲಿ ಓಡುತ್ತದೆ. ಅವಳು ಈಗ ಚೆನ್ನಾಗಿದ್ದಾಳೆ. ಮಗನೂ ಕಾಲೇಜು ಮೆಟ್ಟಿಲು ಹತ್ತಿದ್ದಾನೆ, ದಿನಾ ಮಾತ್ರೆ ನುಂಗುತ್ತಾನೆ. ಗಂಡ ಮಾತ್ರ ಆಸ್ಪತ್ರೆಗೆ ಬರಲು ಒಪ್ಪದೆ, ಕುಡಿದು, 2012ರಲ್ಲಿ ತೀರಿಕೊಂಡ. ಔಷಧಿ ಅಲ್ಲೇ ಇತ್ತು.

ನಾನು ಬರೆಯಲು ಹಿಂದೆಗೆದದ್ದು ಯಾಕೆ

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಹೊಳಲ್ಕೆರೆ ಕಡೆಯ ಒಂದು ಸಂಘದಲ್ಲಿ ನಾನು ಇದೇ ಪಾಠ ಬಾಯಿಮಾತಿನಲ್ಲಿ ಮಾಡಿದ್ದೆ. ಎರಡು ತಿಂಗಳಿಗೆ ಅದೇ ಊರಿನ ಎಂಟು ತಿಂಗಳ ಬಸುರಿಗೆ ಮುಖ ವಾರೆಯಾಯಿತು. ಪಾಪ, ಹೇಳಿದ ಹಾಗೆ ಅವತ್ತೇ ಆಸ್ಪತ್ರೆಗೆ ಹೋದಳು. ಪರೀಕ್ಷೆಗಳೆಲ್ಲ ಆದವು. ಎಚ್.ಐ.ವಿ. ಇರಲಿಲ್ಲ, ಹೆರಿಗೆ ಸುಖವಾಗಿ ಆಯಿತು, ಮುಖವೂ ಸರಿಹೋಯಿತು. ಆದರೆ ಊರಲ್ಲಿ ಏನಾಯಿತು ಗೊತ್ತೇ? "ಸಿಸ್ಟರ್ ಹೇಳಿದ್ದರಲ್ಲ, ಮುಖ ಸೊಟ್ಟಗಾದರೆ ಅದೇ ಕಾಯಿಲೆ ಅಂತ" ಎಂದು ನಲ್ಲಿ ಹತ್ತಿರ ಮಾತು ಹಬ್ಬಿತು. ಬಾಣಂತಿ ನೋಡಲು ಬಂದವರು ಅವಳ ಮನೆಯಲ್ಲಿ ನೀರು ಕುಡಿಯಲಿಲ್ಲ. ನಾನು ಹಾಗೆ ಹೇಳಿರಲಿಲ್ಲ. ಆದರೆ ಅವರಿಗೆ ಕೇಳಿಸಿದ್ದು ಹಾಗೆ.

ಆಮೇಲೆ ಹೊಸದುರ್ಗ ಕಡೆ ಐವತ್ತು ದಾಟಿದ ಅಕ್ಕ ಒಬ್ಬರಿಗೆ ಹೀಗೇ ಆಯಿತು. "ಹೋದರೆ ಜನ ಏನಂತಾರೆ" ಅಂತ ಹತ್ತು ದಿನ ಮನೆಯಲ್ಲೇ ಕೂತರು. ಕೊನೆಗೆ ಕರೆದುಕೊಂಡು ಹೋದರೆ ಸಕ್ಕರೆ 300 ದಾಟಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂತಲೇ ಗೊತ್ತಿರಲಿಲ್ಲ. ಎಚ್.ಐ.ವಿ. ಇರಲಿಲ್ಲ. ಜನರ ಬಾಯಿಗೆ ಹೆದರಿ ಮೂರು ದಿನದ ಔಷಧಿ ಕೈತಪ್ಪಿತು, ಇವತ್ತಿಗೂ ನಕ್ಕರೆ ಒಂದು ಕಡೆ ಮಾತ್ರ ನಗುತ್ತಾರೆ.

ಆದ್ದರಿಂದ ಈ ಪಾಠ ಓದುವವರು ದಯವಿಟ್ಟು ಎರಡು ಸಲ ಓದಿ ಹೇಳಿ: ಸೊಟ್ಟಗಾದ ಮುಖ ಅಂದರೆ ಎಚ್.ಐ.ವಿ. ಅಲ್ಲ. ಸೊಟ್ಟಗಾದ ಮುಖ ಅಂದರೆ ಆಸ್ಪತ್ರೆಗೆ ಹೋಗಿ ಕಾರಣ ಹುಡುಕಿಸಬೇಕು, ಆ ಹುಡುಕಾಟದಲ್ಲಿ ಎಚ್.ಐ.ವಿ. ಪರೀಕ್ಷೆಯೂ ಸೇರಿರಬೇಕು. ಪರೀಕ್ಷೆಗೆ ಹೋದವರಿಗೆಲ್ಲ ಕಾಯಿಲೆ ಇರುತ್ತದೆ ಅಂದುಕೊಳ್ಳುವುದಾದರೆ ತಾಯಿ ಕಾರ್ಡು ಮಾಡಿಸಿದ ಎಲ್ಲ ಬಸುರಿಯರಿಗೂ ಇರಬೇಕಿತ್ತು. ಅವರಿಗೆಲ್ಲ ಈ ಪರೀಕ್ಷೆ ಮಾಡಿಯೇ ಮಾಡುತ್ತಾರೆ. ಇನ್ನು ಒಟ್ಟಿಗೆ ಊಟ ಮಾಡಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಮಗು ಎತ್ತಿಕೊಂಡರೆ ಎಚ್.ಐ.ವಿ. ಬರುವುದಿಲ್ಲ. ಇದನ್ನು ಎಷ್ಟೋ ವರ್ಷದಿಂದ ಹೇಳುತ್ತಿದ್ದೇವೆ, ಇನ್ನೂ ಹೇಳಬೇಕಾಗಿದೆ.

ಕಾನೂನೂ ಇದೆ. 2017ರಲ್ಲಿ ಎಚ್.ಐ.ವಿ. ಮತ್ತು ಏಡ್ಸ್ ತಡೆ ಕಾಯ್ದೆ ಆಯಿತು, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ. ಒಬ್ಬರ ಫಲಿತಾಂಶವನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ಸೋಂಕಿದೆ ಅಂತ ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಹಾಕುವ ಹಾಗಿಲ್ಲ, ಆಸ್ಪತ್ರೆಯಲ್ಲಿ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ಏನಾದರೂ ಕೇಳಬೇಕಿದ್ದರೆ, ಹೆಸರು ಹೇಳಲು ಸಂಕೋಚ ಇದ್ದರೆ, 1097ಕ್ಕೆ ಫೋನ್ ಮಾಡಿ. ಹಣ ಹೋಗುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸಂಘದ ಪುಸ್ತಕದ ವಿಷಯ

ಕೊನೆಗೆ ಒಂದು ಕೆಲಸದ ಮಾತು, ಪ್ರತಿನಿಧಿಗಳು ಗಮನಿಸಿ. ಸದಸ್ಯೆಗೆ ದಿಢೀರನೆ ಮುಖ ವಾರೆಯಾದರೆ ಅವತ್ತೇ ಹೊರಡಲು ಕೈಯಲ್ಲಿ ದುಡ್ಡು ಇರುವುದಿಲ್ಲ. ವಾರದ ಸಭೆಗೆ ಕಾಯುವುದು ಬೇಡ. ತುರ್ತು ಸಾಲ ಎಷ್ಟರವರೆಗೆ ಕೊಡಬಹುದು, ಸಭೆ ಇಲ್ಲದ ದಿನ ಯಾರಿಬ್ಬರ ಸಹಿಯಿಂದ ಕೊಡಬಹುದು ಅಂತ ಈ ತಿಂಗಳ ಸಭೆಯಲ್ಲೇ ಠರಾವು ಮಾಡಿಕೊಳ್ಳಿ. ಜೊತೆಗೆ ಯಾರು ಹೋಗಬೇಕು ಅನ್ನುವುದನ್ನು ಆ ಸದಸ್ಯೆಯೇ ಹೇಳಲಿ. ನಾವು ಪ್ರೀತಿಯಿಂದ ನಾಲ್ಕು ಜನ ಹತ್ತಿಕೊಂಡರೆ ಅವಳು ವೈದ್ಯರ ಮುಂದೆ ಬಾಯಿ ಬಿಡುವುದಿಲ್ಲ.

ನಡಾವಳಿ ಪುಸ್ತಕದಲ್ಲಿ ಸಾಲದ ಕಾರಣ ಬರೆಯುವ ಜಾಗದಲ್ಲಿ ಕಾಯಿಲೆಯ ಹೆಸರು ಬರೆಯಬೇಡಿ, ಯಾವ ಆಸ್ಪತ್ರೆಯ ಯಾವ ವಿಭಾಗ ಅನ್ನುವುದೂ ಬೇಡ. ಆ ಪುಸ್ತಕ ಬ್ಯಾಂಕಿನವರ ಕೈಗೆ ಹೋಗುತ್ತದೆ, ಲೆಕ್ಕ ಪರಿಶೀಲಿಸುವವರ ಕೈಗೆ ಹೋಗುತ್ತದೆ, ಪ್ರತಿನಿಧಿಯ ಮನೆಯ ಗೂಡಿನಲ್ಲಿ ಇರುತ್ತದೆ, ಅವರ ಮಕ್ಕಳು ತೆಗೆದು ಓದುತ್ತಾರೆ. "ವೈದ್ಯಕೀಯ ಖರ್ಚಿಗೆ" ಅಂತ ಎರಡೇ ಪದ ಬರೆಯಿರಿ. ಮೂರು ತಿಂಗಳ ನಂತರ ಅದೇ ಸದಸ್ಯೆ ಮತ್ತೆ ಬಸ್ ಚಾರ್ಜಿಗೆ ಸಾಲ ಕೇಳಿದರೆ, ಯಾಕೆ ಅಂತ ಕೇಳದೆ ಅದೇ ಎರಡು ಪದ ಬರೆದು ಕೊಡಿ.